ಕುರ್ಚಿ ಎತ್ತಿಕೊಂಡು ಹೊರಗೆ

ಪಾತಿ ಕೇಳಲು ಹೋದವನಿಗೆ ಕುರ್ಚಿ ಕೊಟ್ಟು ಕೂರಿಸಿದರು. ವೆಲ್ಡರನ ಕಥೆ ಇಷ್ಟೇ. ಮಿಕ್ಕಿದ್ದೆಲ್ಲ ಇದರ ಬಾಲ.

ಮುಚ್ಚಿಹೋದ ಸಿಮೆಂಟ್ ಪೈಪಿನ ಕಾರ್ಖಾನೆಯ ಹಿಂದೆ ಒಂದು ಜಾಗವಿತ್ತು. ಒಡೆದ ಪೈಪು, ಗಾಜಿನ ಚೂರು, ಒಮ್ಮೊಮ್ಮೆ ಸತ್ತ ನಾಯಿ, ಇಷ್ಟೇ ಅಲ್ಲಿನ ಬೆಳೆ. ಯಾರೋ ನಾಲ್ಕು ಜನ ಪುಣ್ಯಾತ್ಮರು ಸೇರಿ ಅದನ್ನು ಹಸನು ಮಾಡಿ, ಇಟ್ಟಿಗೆ ಜೋಡಿಸಿ ಪಾತಿಗಳನ್ನು ಮಾಡಿ, ಮನೆಯ ಮುಂದೆ ಒಂದು ಹಿಡಿ ಮಣ್ಣೂ ಇಲ್ಲದವರಿಗೆ ಹಂಚಿದರು. ಒಬ್ಬರಿಗೆ ಒಂದು ಪಾತಿ. ಬೆಳೆದದ್ದು ಬೆಳೆದವರಿಗೆ, ಹೆಚ್ಚಾದದ್ದು ಗೇಟಿನ ಪಕ್ಕದ ಬುಟ್ಟಿಗೆ, ಬೇಕಾದವರು ಕೇಳದೆ ಒಯ್ಯಬಹುದು. ಇದನ್ನೆಲ್ಲ ನೋಡಿಕೊಳ್ಳಲು ಒಂದು ಟ್ರಸ್ಟ್. ಒಳ್ಳೆಯ ಕೆಲಸವೇ, ಇಲ್ಲ ಎಂದವರ ಬಾಯಿಗೆ ಮಣ್ಣು ಬೀಳಲಿ. ಆದರೆ ಒಳ್ಳೆಯ ಕೆಲಸ ಮಾಡುವವರಿಗೆ ಒಂದು ಕಾಯಿಲೆ ಅಂಟಿಕೊಂಡಿರುತ್ತದೆ: ತಾವು ಮಾಡುತ್ತಿರುವುದು ಒಳ್ಳೆಯ ಕೆಲಸ ಎಂಬುದನ್ನು ಅವರು ಒಂದು ಗಳಿಗೆಯೂ ಮರೆಯುವುದಿಲ್ಲ, ಪಕ್ಕದವರಿಗೆ ಮರೆಯಲು ಬಿಡುವುದೂ ಇಲ್ಲ.

ವೆಲ್ಡರ್ ಅಲ್ಲಿಗೆ ಹೋದದ್ದು ಗೇಟು ಕೂರಿಸಲು. ಏಣಿಯ ಮೇಲೆ ನಿಂತು ಮೇಲಿನ ಕೀಲಿಗೆ ಬೆಸುಗೆ ಹಾಕಿ, ಮುಖವಾಡ ಎತ್ತಿ ಬೆವರು ಒರೆಸಿಕೊಳ್ಳುವಾಗ, ದೂರದ ಗೋಡೆ ಮೂಲೆಯ ಪಾತಿಯಲ್ಲಿ ಬಗ್ಗಿ ಕಳೆ ಕೀಳುತ್ತಿದ್ದ ಹೆಂಗಸಿನ ಬೆನ್ನು ಕಂಡಿತು. ಬೆನ್ನು ನೋಡಿಯೇ ಗುರುತು ಹಿಡಿಯಬೇಕಾದರೆ ಆ ಬೆನ್ನಿನ ಮೇಲೆ ಕೂತು ಬೆಳೆದಿರಬೇಕು. ಅವನು ಬೆಳೆದಿದ್ದ. ಅವನ ಅಕ್ಕ.

ತಾಯಿ ಬೇಗ ತೀರಿಹೋಗಿ, ಅಪ್ಪ ಲಾರಿಯ ಮೇಲೆ ತಿಂಗಳುಗಟ್ಟಲೆ ಊರೂರು ತಿರುಗುತ್ತಿದ್ದ ಮನೆ ಅದು. ತಾನು ಓದು ಬಿಟ್ಟು, ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆದು ಮಡಚುವ ಕೆಲಸಕ್ಕೆ ಸೇರಿ, ತಮ್ಮನನ್ನು ಓದಿಸಲು ನಿಂತವಳು ಅವಳು. ತಮ್ಮನಿಗೋ ಶಾಲೆಯೆಂದರೆ ಚೇಳು ತುಂಬಿದ ಗಡಿಗೆ. ಹಲಗೆಯ ಮುಂದೆ ನಿಲ್ಲಿಸಿ ಕತ್ತೆ ಎನ್ನುತ್ತಿದ್ದ ಮೇಷ್ಟ್ರು, ನಗುತ್ತಿದ್ದ ಮಿಕ್ಕ ಕತ್ತೆಗಳು. ಒಂದು ದಿನ ದಾರಿಯಲ್ಲಿ ವೆಲ್ಡಿಂಗ್ ಅಂಗಡಿಯ ಬೆಳಕು ಕಂಡಿತು, ಹೋಗಿ ನಿಂತ, ನಿಂತವನು ಮಾರನೆಯ ದಿನವೂ ನಿಂತ. ಆಮೇಲೆ ತಿಂಗಳುಗಟ್ಟಲೆ ಬೆಳಗ್ಗೆ ಅಕ್ಕ ಕಟ್ಟಿಕೊಟ್ಟ ಡಬ್ಬಿ ಚೀಲಕ್ಕೆ ಹಾಕಿಕೊಂಡು, ಶಾಲೆಗೆ ಹೋಗಿಬರ್ತೀನಿ ಎಂದು ಹೇಳಿ, ನೇರ ಅಂಗಡಿಗೆ. ಅಕ್ಕನಿಗೆ ಗೊತ್ತಾದದ್ದು ಯಾರ ಚಾಡಿಯಿಂದಲೂ ಅಲ್ಲ. ದಿನವಿಡೀ ಬಟ್ಟೆ ನೋಡುವ ಕಣ್ಣು; ಅವನ ಯೂನಿಫಾರಂ ಒಗೆಯುವಾಗ ಅಂಗಿಯ ತುಂಬ ಸಾಸಿವೆಯಷ್ಟು ಸುಟ್ಟ ತೂತುಗಳು ಕಂಡವು. ಹೊಡೆಯಲಿಲ್ಲ, ಅಳಲಿಲ್ಲ. ಅಂಗಿಯನ್ನು ಬೆಳಕಿಗೆ ಹಿಡಿದು ಕೇಳಿದಳು, ಅವನು ಇದ್ದದ್ದೆಲ್ಲ ಬೊಗಳಿದ. ಇನ್ನು ಮೇಲೆ ನನ್ನನ್ನು ಅಕ್ಕ ಅಂತ ಕರೀಬೇಡ, ಎಂದಳು. ಕರೆಯಲ್ಲ ಬಿಡು, ಎಂದ. ಹೇಳಿ ಕೇಳಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಹಟದಲ್ಲಿ ಒಬ್ಬರಿಗೊಬ್ಬರು ಬಡ್ಡಿ ಸಮೇತ ಸರಿ. ಅವಳು ಮದುವೆಯಾಗಿ ಬೇರೆ ಬಡಾವಣೆಗೆ ಹೋದಳು. ಪಕ್ಕದ ಮನೆಯವರ ಬಾಯಲ್ಲಿ ಮದುವೆಗೆ ಬಾ ಎಂದು ಹೇಳಿಕಳಿಸಿದ್ದಳು. ಇವನು ಹೊಸ ಅಂಗಿ ಹಾಕಿಕೊಂಡು ಆ ಬೀದಿಯ ತಿರುವಿನವರೆಗೂ ಹೋಗಿ ವಾಪಸು ಬಂದ.

ಶಾಲೆ ಬಿಟ್ಟದ್ದಕ್ಕೆ ಅವನಿಗೆ ಇವತ್ತಿಗೂ ಎಳ್ಳಷ್ಟು ಬೇಜಾರಿಲ್ಲ. ಡಬ್ಬಿ ಕಟ್ಟಿಸಿಕೊಂಡು ಹೋಗುತ್ತಿದ್ದೆನಲ್ಲ, ಅದೊಂದು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ.

ಹೀಗಾಗಿ ಗೇಟಿನ ಕೆಲಸ ಒಂದು ದಿನದಲ್ಲಿ ಮುಗಿಯಬೇಕಾದದ್ದು ಮುಗಿಯಲೇ ಇಲ್ಲ. ನಲ್ಲಿಗೆ ಒಂದು ಕಬ್ಬಿಣದ ಕಾಲು ಬೇಕು ಎಂದ, ಹಾಕಿಕೊಟ್ಟ. ಹುರುಳಿಕಾಯಿ ಬಳ್ಳಿಗೆ ಚಪ್ಪರ ಬೇಕು ಎಂದ, ಕಟ್ಟಿಕೊಟ್ಟ. ಕೂಲಿ ಕೇಳಲಿಲ್ಲ. ಪುಕ್ಕಟೆ ದುಡಿಯುವವನು ಸಿಕ್ಕರೆ ಟ್ರಸ್ಟ್ ಎಂಬುದು ಬೆಣ್ಣೆಯ ಹಾಗೆ ಕರಗುತ್ತದೆ. ಕೊನೆಗೆ ಅವನು ಧೈರ್ಯ ಮಾಡಿ ಗೋಡೆ ಮೂಲೆಯ ಪಕ್ಕದ ಪಾತಿ ತನಗೆ ಕೊಡಿ ಎಂದು ಕೇಳಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪಾತಿ ಯಾಕಪ್ಪ, ನಿನ್ನನ್ನು ಟ್ರಸ್ಟಿಯನ್ನೇ ಮಾಡುತ್ತೇವೆ, ನಮ್ಮಲ್ಲಿ ಕೈಕೆಲಸದವರು ಒಬ್ಬರೂ ಇಲ್ಲ ಎಂದು ಜನ ಆಡಿಕೊಳ್ಳುತ್ತಿದ್ದಾರೆ, ಎಂದರು. ಸಲಕರಣೆ ಟ್ರಸ್ಟಿ ಎಂದು ಹೆಸರಿಟ್ಟರು. ಟ್ರಸ್ಟಿಯಾದವನು ಪಾತಿ ಇಟ್ಟುಕೊಳ್ಳುವಂತಿಲ್ಲ, ಬೇರೆಯವರ ಪಾತಿಗೆ ಕೈ ಹಾಕುವಂತೆಯೂ ಇಲ್ಲ ಎಂಬುದನ್ನು ಹೂಹಾರ ಹಾಕಿದ ಮೇಲೆ ಹೇಳಿದರು. ತೋಟದ ಟ್ರಸ್ಟಿ ಎಂದರೆ ಉಗುರಲ್ಲಿ ಮಣ್ಣು ಸೇರದವನು ಎಂದು ಅವನಿಗೆ ತಿಳಿದದ್ದು ಆಗ.

ಟ್ರಸ್ಟಿಗಳು ಒಟ್ಟು ಐದು ಜನ. ಅಧ್ಯಕ್ಷೆ, ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿದ್ದು ನಿವೃತ್ತರಾದವರು, ಎಲ್ಲರಿಗೂ ಮೇಡಂ. ಖಜಾಂಚಿ, ಔಷಧಿ ಅಂಗಡಿಯವರು, ಬೆಲ್ಲದಂಥ ಮನುಷ್ಯ, ಯಾರು ಏನು ಹೇಳಿದರೂ ಪಾಪ ಎನ್ನುವವರು. ಹಲ್ಲಿನ ಡಾಕ್ಟರು, ತೋಟಕ್ಕೆ ಗಣ್ಯರನ್ನು ಕರೆತಂದು ಫೋಟೋ ತೆಗೆಸುವುದು ಅವರ ಪಾಲಿನ ಕೆಲಸ. ಕಾರ್ಯದರ್ಶಿಗೆ ತೋಟದ ಜನ ಇಟ್ಟ ಹೆಸರು ನಿಯಮಪ್ಪ. ಮಳೆ ಬಂದರೂ ಯಾವ ನಿಯಮದ ಪ್ರಕಾರ ಬಂತು ಎಂದು ಕೇಳುವ ಪೈಕಿ. ಐದನೆಯವನು ಇವನು.

ಸಲಕರಣೆ ಟ್ರಸ್ಟಿಗೆ ಒಂದು ಲಾಭವಿತ್ತು. ಭಾನುವಾರ ಬೆಳಗ್ಗೆ ಸಲಕರಣೆ ಕೊಠಡಿಯ ಕಿಟಕಿಯಲ್ಲಿ ಕೂತು ಗುದ್ದಲಿ, ಕುರ್ಪಿ, ನೀರಿನ ಕ್ಯಾನು ಕೊಡುವುದು ಅವನ ಕೆಲಸ. ಪ್ರತಿಯೊಬ್ಬರೂ ಆ ಕಿಟಕಿಗೆ ಬಂದೇ ಬರಬೇಕು. ಮೊದಲ ಭಾನುವಾರ ಅವನು ಇದ್ದುದರಲ್ಲೇ ಒಳ್ಳೆಯ ಕುರ್ಪಿಯನ್ನು ಉಜ್ಜಿ, ಹಿಡಿಗೆ ಹೊಸ ಬಟ್ಟೆ ಸುತ್ತಿ, ಮೇಜಿನ ಕೆಳಗೆ ಮುಚ್ಚಿಟ್ಟುಕೊಂಡು ಕಾದ. ಅಕ್ಕ ಗೇಟಿನೊಳಗೆ ಬಂದಳು, ಕಿಟಕಿಯ ಕಡೆ ಒಮ್ಮೆ ನೋಡಿದಳು, ನೋಡಿ ನೇರ ಪಾತಿಗೆ ಹೋಗಿ, ಚೀಲದಿಂದ ಮನೆಯ ಹಳೆಯ ಸೌಟೊಂದನ್ನು ತೆಗೆದು ಅದರಲ್ಲೇ ಮಣ್ಣು ಕೆದರಲು ಕೂತಳು. ನೀರಿಗೆ ಮನೆಯಿಂದಲೇ ತಂದ ಎಣ್ಣೆ ಡಬ್ಬಿ. ಅದರ ಮುಂದಿನ ವಾರವೂ ಸೌಟು. ಆಮೇಲಿನ ಎಲ್ಲ ವಾರವೂ ಸೌಟು. ಸೌಟಿನಿಂದ ಅವಳು ಟೊಮೆಟೊ ಬೆಳೆದಳು, ಮೆಣಸಿನಕಾಯಿ ಬೆಳೆದಳು, ಗೋಡೆಗೆ ಕುಂಬಳದ ಬಳ್ಳಿ ಹಬ್ಬಿಸಿದಳು. ಮಾತಿಲ್ಲ ಕತೆಯಿಲ್ಲ. ಕೆಲಸ ಮುಗಿದ ಮೇಲೆ ಚಪ್ಪಲಿ ಬಿಟ್ಟು, ಇಟ್ಟಿಗೆಯ ಮೇಲೆ ಕೂತು, ಪಾದ ಮಣ್ಣಿನಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಇರುತ್ತಿದ್ದಳು. ಕಿಟಕಿಯಿಲ್ಲದ ಲಾಂಡ್ರಿಯ ಬಿಸಿ ಹಬೆಯಲ್ಲಿ ವಾರವೆಲ್ಲ ನಿಲ್ಲುವ ಕಾಲುಗಳು ಅವು. ಆ ಹೊತ್ತಿಗಾಗಿ ಅವಳು ಬರುತ್ತಿದ್ದಳು. ಅದನ್ನು ನೋಡುವುದಕ್ಕಾಗಿ ಅವನು ಬರುತ್ತಿದ್ದ. ಕೈಚಾಚಿದರೆ ಸಿಗುವಷ್ಟು ಹತ್ತಿರ, ಕರೆದರೆ ಕೇಳುವಷ್ಟು ಹತ್ತಿರ. ಹಸಿದವನನ್ನು ಅಡುಗೆಮನೆಯ ಬಾಗಿಲಿಗೆ ಕಟ್ಟಿಹಾಕಿದ ಹಾಗೆ ಅವನ ಭಾನುವಾರಗಳು ಕಳೆದವು. ಆದರೂ ಬೇರೆ ದಿನಗಳೆಲ್ಲ ಭಾನುವಾರಕ್ಕೆ ಕಾಯುತ್ತಿದ್ದವು.

ಒಂದು ಭಾನುವಾರ ಅವಳು ಬರಲಿಲ್ಲ. ಮತ್ತೊಂದಕ್ಕೂ ಇಲ್ಲ. ಲಾಂಡ್ರಿಯಲ್ಲಿ ಇಬ್ಬರು ಕೆಲಸ ಬಿಟ್ಟು, ಅವರ ಪಾಳಿಯೂ ಅಕ್ಕನ ತಲೆಗೇ ಬಿದ್ದಿದೆ, ರಜೆ ಎಂಬುದೇ ಇಲ್ಲ ಎಂದು ಪಕ್ಕದ ಪಾತಿಯ ಅಜ್ಜಿಯಿಂದ ತಿಳಿಯಿತು. ಟ್ರಸ್ಟಿನ ನಿಯಮ ಹೇಗೆಂದರೆ, ಸತತ ಮೂರು ವಾರ ಪಾತಿಗೆ ಬಾರದವರ ಮಣ್ಣಿನಲ್ಲಿ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನೆಡುತ್ತಾರೆ. ಬಟ್ಟೆ ಬಿತ್ತೆಂದರೆ ವಿಷಯ ಸಭೆಗೆ ಬರುತ್ತದೆ; ಸಭೆಯಲ್ಲಿ ಕೈ ಎತ್ತಿಸಿ ಪಾತಿ ಉಳಿಯಬೇಕೋ ಹೋಗಬೇಕೋ ತೀರ್ಮಾನ. ಪಾತಿ ಹೋದರೆ ಅವಳು ಈ ಗೇಟಿನೊಳಗೆ ಮತ್ತೆ ಯಾಕೆ ಕಾಲಿಡುತ್ತಾಳೆ?

ಅದಕ್ಕೆ ಅವನು ಕಳ್ಳನ ಹಾಗೆ ನಸುಕಿಗೇ ಗೇಟು ತೆಗೆದು ಬಂದು ನೀರು ಹಾಕತೊಡಗಿದ. ಪಾತಿ ಹಸಿರಾಗಿದ್ದರೆ ನಿಯಮಪ್ಪನ ಕಣ್ಣಿಗೆ ಬೀಳುವುದಿಲ್ಲ ಎಂಬ ಲೆಕ್ಕ. ಕಬ್ಬಿಣ ಬಲ್ಲವನಿಗೆ ಗಿಡ ಗೊತ್ತೆ? ಕಾದ ಕಬ್ಬಿಣಕ್ಕೆ ಎಷ್ಟು ನೀರು ಹುಯ್ದರೂ ತಂಪೇ. ಕ್ಯಾನಿನ ಮೇಲೆ ಕ್ಯಾನು ಸುರಿದ. ಸುರಿಯುವಾಗ ಆಗುತ್ತಿದ್ದ ಸುಖಕ್ಕೆ ಕೈ ನಿಲ್ಲುತ್ತಲೇ ಇರಲಿಲ್ಲ. ಇಷ್ಟು ವರ್ಷ ಅವಳಿಗಾಗಿ ಏನೂ ಮಾಡಲಾಗದೆ ಉಳಿದದ್ದೆಲ್ಲ ಆ ನೀರಿನಲ್ಲೇ ಹರಿದಂತಿತ್ತು. ಟೊಮೆಟೊ ಎಲೆ ಹಳದಿಯಾಯಿತು. ಬಾಯಾರಿಕೆ ಇರಬೇಕು ಎಂದು ಇನ್ನಷ್ಟು ಹುಯ್ದ. ಬೇರು ಕೊಳೆತು, ಗಿಡಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಮಲಗಿದವು. ಗೇಟಿಗೆ ಬಂದವರಿಗೆಲ್ಲ ಮೂಗು ಮುಚ್ಚಿಕೊಳ್ಳುವಂಥ ನಾತ. ಮೂರನೆಯ ವಾರವೂ ಅವಳು ಬರಲಿಲ್ಲ, ಕೆಂಪು ಬಟ್ಟೆ ಬಿತ್ತು.

ಸಭೆಗೆ ಮೊದಲು ಅವನು ಒಬ್ಬೊಬ್ಬರ ಮನಸ್ಸನ್ನೂ ಸುಮ್ಮನೆ ಕೆದಕಿ ನೋಡಿದ. ಡಾಕ್ಟರು ಯಾವುದೋ ಕಂಪನಿಯ ಗಣ್ಯರು ಬರುವವರಿದ್ದಾರೆ, ಆ ಕೊಳೆತ ಮೂಲೆ ಮೊದಲು ಖಾಲಿಯಾಗಬೇಕು ಎಂದರು. ನಿಯಮಪ್ಪನದು ಕೇಳುವ ಹಾಗೇ ಇಲ್ಲ. ಔಷಧಿ ಅಂಗಡಿಯವರು, ಪಾಪ ದುಡಿಯುವ ಹೆಂಗಸು, ಇರಲಿ ಎಂದರು. ಮೇಡಂ ಕೈ ಎತ್ತುವುದು ಎರಡು ಕಡೆಯೂ ಸಮವಾದಾಗ ಮಾತ್ರ. ಸಮವಾದರೆ ನಾನು ಆಕೆಯ ಕಡೆಗೇ, ಎಂದು ಅವರು ಮೆಲ್ಲಗೆ ಹೇಳಿದರು. ಅಂದರೆ ಇವನ ಒಂದು ಕೈ ಎದ್ದರೆ ಪಾತಿ ಉಳಿಯಿತು. ಏಳಲಿಲ್ಲವೋ, ಹೋಯಿತು.

ಇಷ್ಟೇ ಆಗಿದ್ದರೆ ಕೈಯೇನು, ಅವನು ಎರಡು ಕಾಲೂ ಎತ್ತುತ್ತಿದ್ದ. ತೊಡಕು ಬೇರೆಯಿತ್ತು. ಪ್ರತಿ ಸಭೆಯ ಶುರುವಿನಲ್ಲಿ ನಿಯಮಪ್ಪ ಎಲ್ಲ ಟ್ರಸ್ಟಿಗಳನ್ನೂ ಸರದಿಯಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ: ಇವತ್ತಿನ ವಿಷಯದಲ್ಲಿ ನಿಮ್ಮವರು ಯಾರಾದರೂ ಇದ್ದಾರಾ? ಇದ್ದರೆ ಹೇಳಿ, ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೊರಗೆ ಜಗುಲಿಗೆ ಹೋಗಬೇಕು. ಒಳಗೆ ಕುರ್ಚಿ ಉಳಿದರೆ ಆಳೂ ಇದ್ದ ಲೆಕ್ಕ ಎಂದು ನಿಯಮಪ್ಪನ ವಾದ. ಹಿಂದೆ ಡಾಕ್ಟರ ಬಾಮೈದನಿಂದ ಗೊಬ್ಬರ ಕೊಳ್ಳುವ ವಿಷಯ ಬಂದಾಗ, ಡಾಕ್ಟರು ಟೈ ಕಟ್ಟಿಕೊಂಡೇ ಪ್ಲಾಸ್ಟಿಕ್ ಕುರ್ಚಿ ಹೊತ್ತು ಹೊರಗೆ ಹೋಗಿ, ಗಾಳಿಗೆ ಕೂದಲು ಕೆದರಿಸಿಕೊಂಡು ಕೂತಿದ್ದರು. ಒಳಗಿನ ಮಾತೆಲ್ಲ ಹೊರಗೆ ಕೇಳುತ್ತಿತ್ತು, ಅದು ಬೇರೆ. ಗೊಬ್ಬರವನ್ನು ಬಾಮೈದನಿಂದಲೇ ಕೊಂಡರು, ಅದೂ ಬೇರೆ.

ಇವನು ಒಂದು ಮಾತು ಹೇಳಿದರೆ ಸಾಕಿತ್ತು. ಇಲ್ಲ. ಅವಳು ಅವನ ಅಕ್ಕನೆಂದು ತೋಟದಲ್ಲಿ ಯಾರಿಗೂ ಗೊತ್ತಿಲ್ಲ. ಇಲ್ಲ ಎಂದು ಹೇಳಿ, ಕೂತು, ಕೈ ಎತ್ತಿದರೆ, ಅವಳು ಬರುತ್ತಾಳೆ, ಕೂರುತ್ತಾಳೆ, ಪಾದ ಮಣ್ಣಿನಲ್ಲಿಡುತ್ತಾಳೆ. ಸುಳ್ಳು ಅವನಿಗೆ ಹೊಸದಲ್ಲ. ತಿಂಗಳುಗಟ್ಟಲೆ ಡಬ್ಬಿ ಹಿಡಿದು ಹೇಳಿದ ಬಾಯಿ. ಆದರೂ ಯಾಕೋ ನಂಬಿಕೆ ಸಾಲದೆ, ತನ್ನ ಅಂಗಡಿಯಲ್ಲಿ ಮುಖವಾಡದ ಒಳಗೆ ಇಲ್ಲ, ಇಲ್ಲ, ಇಲ್ಲ ಎಂದು ಹೇಳಿ ನೋಡಿಕೊಂಡ. ಕಿಟಕಿ ಸರಳಿಗೆ ಬೆಸುಗೆ ಹಾಕಿಸಲು ಬಂದ ಗಿರಾಕಿ, ಆಗಲ್ಲ ಅಂತ ಮೊದಲೇ ಹೇಳಬಾರದೇನಪ್ಪ, ಎಂದು ಸರಳು ಎತ್ತಿಕೊಂಡು ಹೊರಟುಹೋದ.

ಸಭೆ ತೋಟದ ತಗಡಿನ ಕೊಠಡಿಯಲ್ಲಿ. ಪಾತಿ ಯಾರದೋ ಅವರನ್ನೂ ಕರೆದು, ಬಾಗಿಲ ಬಳಿ ನಿಲ್ಲಿಸಿ, ಹೇಳುವುದಿದ್ದರೆ ಹೇಳಿ ಎನ್ನುವುದು ಪದ್ಧತಿ. ಕೂರಲು ಅವರಿಗೆ ಕುರ್ಚಿಯಿಲ್ಲ. ಇರುವ ಕುರ್ಚಿಗಳು ಟ್ರಸ್ಟಿಗಳಿಗೆ; ಬಡವರ ಮೇಲಿನ ಕರುಣೆಯನ್ನು ಕೂತುಕೊಂಡೇ ಮಾಡಬೇಕಲ್ಲ. ಅಕ್ಕ ಪಾಳಿ ಮುಗಿಸಿ ನೇರ ಬಂದಿದ್ದಳು. ಕೈಚೀಲವನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದಳು. ಅವನು ತಲೆ ಎತ್ತಲಿಲ್ಲವಾಗಿ ಕಂಡದ್ದು ಆ ಕೈಗಳು ಮಾತ್ರ. ಸೋಪು, ಬ್ಲೀಚು, ಬಿಸಿನೀರು ಎಲ್ಲ ಸೇರಿ ಬೆರಳುಗಳು ಬಿಳಿಚಿ, ಬೇಯಿಸಿ ಸಿಪ್ಪೆ ಸುಲಿದ ಹಾಗೆ ನಿರಿಗೆಗಟ್ಟಿದ್ದವು. ಇಷ್ಟು ಹತ್ತಿರದಿಂದ ಆ ಕೈ ನೋಡಿ ಎಷ್ಟು ಕಾಲವಾಗಿತ್ತೋ. ಉಗುರಿನ ಸಂದಿಯಲ್ಲಿ ಒಂದು ಗೆರೆ ಮಣ್ಣೂ ಇರಲಿಲ್ಲ.

ನಿಯಮಪ್ಪ ಗಂಟಲು ಸರಿಮಾಡಿಕೊಂಡು ಸರದಿ ಶುರುಮಾಡಿದರು. ಡಾಕ್ಟರು ಇಲ್ಲ ಎಂದರು. ಔಷಧಿ ಅಂಗಡಿಯವರು ಇಲ್ಲ ಎಂದರು. ಇವನ ಕಡೆ ತಿರುಗಿದರು.

"ಇವತ್ತಿನ ವಿಷಯದಲ್ಲಿ ನಿಮ್ಮವರು ಯಾರಾದ್ರೂ ಇದ್ದಾರಾ?"

ಅವನು ಬಾಯಿ ತೆರೆದದ್ದು ಇಲ್ಲ ಎನ್ನಲಿಕ್ಕೇ. ನಾಲಿಗೆ ಆ ಮಾತಿಗೇ ಮಡಚಿಕೊಂಡಿತ್ತು.

"ನಮ್ಮಕ್ಕ," ಎಂದ.

"ಯಾರು?"

"ಇವರು. ನಮ್ಮಕ್ಕ ಇವರು."

ಪೆನ್ನು ಹಿಡಿದ ನಿಯಮಪ್ಪ ತಬ್ಬಿಬ್ಬಾದರು. "ಯಾವಾಗಿಂದ?"

"ನಾನು ಹುಟ್ಟಿದಾಗಿಂದ ಸಾರ್."

ಡಾಕ್ಟರು ಕಿಸಕ್ಕೆಂದು ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ಅವನ ಬಣ್ಣವೆಲ್ಲ ನೆಲದ ಮೇಲೆ ಚೆಲ್ಲಿತ್ತು. ತಾನೇ ತನ್ನ ಕೈಯಾರೆ ಪಾತಿಯನ್ನು ಕಿತ್ತು ಬಿಸಾಕಿದೆ ಎಂಬುದು ಅವನಿಗೆ ಮಾತು ಮುಗಿಯುವ ಮೊದಲೇ ಗೊತ್ತಾಯಿತು. ಮೇಡಂಗೂ ಗೊತ್ತಾಯಿತು. ಅವರು ಬುದ್ಧಿವಂತರು; ಕನ್ನಡಕ ತೆಗೆದು ಒರೆಸುತ್ತ, ಮುಚ್ಚಿಹೋದ ಬಾಗಿಲನ್ನು ಮತ್ತೆ ಬೆರಳಿನಷ್ಟು ತೆರೆದರು. ಅಕ್ಕನ ಕಡೆ ತಿರುಗಿ, ಅಕ್ಕ ಅಂತ ಜನ ಯಾರನ್ನು ಬೇಕಾದರೂ ಕರೆಯುತ್ತಾರೆ, ಪ್ರೀತಿಗೆ, ಮರ್ಯಾದೆಗೆ. ಅಂಥ ಅಕ್ಕನಾದರೆ ನಮ್ಮ ನಿಯಮಕ್ಕೆ ಸಂಬಂಧವಿಲ್ಲ, ಅವರು ಒಳಗೇ ಕೂರಬಹುದು, ಕೈ ಎತ್ತಬಹುದು, ಎಂದು ಬಿಡಿಸಿ ಬಿಡಿಸಿ ಹೇಳಿದರು. ಕೊನೆಗೆ ಕೇಳಿದರು: "ನೀವೇ ಹೇಳಿಮ್ಮ. ಇವರು ನಿಮಗೆ ಏನಾಗಬೇಕು?"

ಏನೂ ಆಗಬೇಕಿಲ್ಲ ಎಂದರೆ ಮುಗಿಯಿತು. ಅವಳೇ ಕರೀಬೇಡ ಎಂದವಳು. ಸೌಟಿನಿಂದ ಮಣ್ಣು ಕೆದರಿದವಳು. ಅವನಿಗೆ ಅವಳು ಹಾಗೆ ಹೇಳಲಿ ಎಂದೂ ಅನಿಸಿತು, ಹೇಳಿದರೆ ಈ ಕುರ್ಚಿಯಲ್ಲೇ ಸತ್ತುಹೋಗುತ್ತೇನೆ ಎಂದೂ ಅನಿಸಿತು. ತಗಡಿನ ಮೇಲೆ ಕಾಗೆ ನಡೆದಾಡುವ ಸದ್ದು. ಅಕ್ಕ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ತಮ್ಮನೇ," ಎಂದಳು, ಗೋಡೆಯನ್ನು ನೋಡುತ್ತ. "ನನ್ನ ಬೆನ್ನಿಗೆ ಬಿದ್ದವನು."

ಅವನು ಎದ್ದು ಕುರ್ಚಿ ಎತ್ತಿಕೊಂಡ. ಬಾಗಿಲು ಇಕ್ಕಟ್ಟು, ಕುರ್ಚಿಯ ಕಾಲು ಚೌಕಟ್ಟಿಗೆ ಸಿಕ್ಕಿತು, ತಿರುಗಿಸಿದ, ಇನ್ನೊಂದು ಕಾಲು ಸಿಕ್ಕಿತು. ಅಕ್ಕ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಕುರ್ಚಿಯ ಬೆನ್ನು ಹಿಡಿದು ಓರೆ ಮಾಡಿಕೊಟ್ಟಳು. ಹೊರಗೆ ಬಂದ. ಒಳಗಿನಿಂದ ಎಲ್ಲ ಕೇಳಿಸಿತು. ಔಷಧಿ ಅಂಗಡಿಯವರು ಪಾಪ ಎಂದದ್ದು, ಡಾಕ್ಟರು ಗಣ್ಯರು ಎಂದದ್ದು, ನಿಯಮಪ್ಪ ಕೈ ಎಣಿಸಿದ್ದು. ಎರಡಕ್ಕೆ ಒಂದು. ಸಮವಾಗಲಿಲ್ಲವಾಗಿ ಮೇಡಂ ಕೈ ಮಡಿಲಲ್ಲೇ ಉಳಿಯಿತು. ಮುಂದಿನ ಸಭೆಯಲ್ಲಿ ನಂಟು ಮುಚ್ಚಿಟ್ಟ ಟ್ರಸ್ಟಿಯ ವಿಷಯ ತೆಗೆದುಕೊಳ್ಳಬೇಕು ಎಂದೂ ನಿಯಮಪ್ಪ ಸೇರಿಸಿದರು. ಅದನ್ನು ಕೇಳಿ ಅವನಿಗೆ ನಗು ಬಂತು.

ಅಕ್ಕ ಹೊರಗೆ ಬಂದಳು. ಅವನ ಎದುರು ನಿಂತಳು. ಎಷ್ಟೋ ವರ್ಷಗಳ ಮೇಲೆ ಅವನ ಮುಖವನ್ನು ನೇರ ನೋಡಿ ಆಡಿದ ಮೊದಲ ಮಾತು ಬೈಗುಳವೇ ಆಗಿತ್ತು.

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೋನಿಗೆ ಇವತ್ತೇ ಕೀಲಿ ಸಿಕ್ತಾ?"

"ಇಲ್ಲ ಅನ್ನೋಣ ಅಂತಲೇ ಇದ್ದೆ."

"ಅನ್ನೋದಲ್ವಾ ಮತ್ತೆ?"

"ನೀನೂ ಅನ್ನಬಹುದಿತ್ತಲ್ಲ."

"ಸುಳ್ಳು ನಿನ್ನ ಕಸುಬು. ನನಗೆ ಬರಲ್ಲ," ಎಂದಳು. ಪಾತಿಯ ಕಡೆ ನೋಡಿ, "ಆ ಗಿಡಕ್ಕೆ ಎಮ್ಮೆಗೆ ಹುಯ್ದಂಗೆ ನೀರು ಹುಯ್ದಿದ್ದೂ ನೀನೇ ತಾನೆ?"

ಅವನು ತಲೆ ಆಡಿಸಿದ. ಅವಳು ಒಂದು ಕ್ಷಣ ನಗುತ್ತಾಳೇನೋ ಎಂದು ಕಂಡಿತು. ನಗಲಿಲ್ಲ. ಭಾನುವಾರದೊಳಗೆ ಪಾತಿ ಬರಿದು ಮಾಡಬೇಕಂತೆ, ಎಂದಷ್ಟೇ ಹೇಳಿ ಹೋದಳು. ಅವನು ಬೈಸಿಕೊಂಡ ಮಾತುಗಳನ್ನು ಅಂದೆಲ್ಲ ಕಲ್ಲುಸಕ್ಕರೆಯ ಹಾಗೆ ಬಾಯಲ್ಲಿಟ್ಟುಕೊಂಡೇ ಇದ್ದ. ಅವಳು ನೀನು ಎಂದಿದ್ದಳು. ನೀನು ಎನ್ನಲು ನನಗಿನ್ನು ಯಾರಿದ್ದಾರೆ, ಎಂದುಕೊಂಡ.

ಬಿಡುವವರು ಪಾತಿಯನ್ನು ಬರಿ ಮಣ್ಣು ಮಾಡಿ ಬಿಡಬೇಕೆಂಬುದೂ ಒಂದು ನಿಯಮ. ಭಾನುವಾರ ಅವಳು ಪಾಳಿಯ ನಡುವೆ ಬಿಡುವು ಕೇಳಿಕೊಂಡು, ಗೋಣಿಚೀಲ ಹಿಡಿದು ಬಂದಳು. ನಿಯಮಪ್ಪ ಸ್ವಲ್ಪ ದೂರದಲ್ಲಿ ಕೊಡೆ ಹಿಡಿದು ನಿಂತು ನೋಡುತ್ತಿದ್ದರು. ವೆಲ್ಡರ್ ಕಿಟಕಿ ಮುಚ್ಚಿ ಎದ್ದು ಬಂದು ಇಟ್ಟಿಗೆಯ ಗೆರೆ ದಾಟಿದ. ಟ್ರಸ್ಟಿಗಳು ಪಾತಿ ಮುಟ್ಟುವಂತಿಲ್ಲ, ಎಂದು ನಿಯಮಪ್ಪ ಕೂಗಿ ನೆನಪಿಸಿದರು. ಹಾಗಾದರೆ ನಾನು ಟ್ರಸ್ಟಿಯಲ್ಲ ಅಂತ ಬರಕೊಳ್ಳಿ ಸಾರ್, ಎಂದ. ನಿಯಮಪ್ಪ ಬರೆದುಕೊಳ್ಳುವುದಕ್ಕೆ ಪೆನ್ನು ಹುಡುಕುತ್ತ ಕೊಠಡಿಗೆ ಹೋದರು.

ಅಕ್ಕ ತಲೆ ಎತ್ತಲಿಲ್ಲ. "ಬೂಟ್ಸು ಬಿಚ್ಚು," ಎಂದಳು.

ಬಿಚ್ಚಿದ. ಇಬ್ಬರೂ ಎದುರುಬದುರು ಬಗ್ಗಿ ಕೊಳೆತ ಗಿಡಗಳನ್ನು ಒಂದೊಂದಾಗಿ ಕಿತ್ತರು. ಅವನು ಎಳೆದರೆ ಕಾಂಡ ಮಾತ್ರ ಕೈಗೆ ಬರುತ್ತಿತ್ತು. ಅವಳು ಪಕ್ಕದ ಮಣ್ಣು ಸಡಿಲಿಸಿ, ಬುಡಕ್ಕೆ ಬೆರಳಿಟ್ಟು, ಬೇರು ಸಮೇತ ಎತ್ತುತ್ತಿದ್ದಳು. ನೋಡಿ ಕಲಿತ. ಕುಂಬಳದ ಬಳ್ಳಿಯೊಂದು ಮಾತ್ರ ಬದುಕಿತ್ತು. ಗೋಡೆಯಿಂದ ಅದನ್ನು ಬಿಡಿಸುವಾಗ ಅವಳ ಕೈ ಸ್ವಲ್ಪ ನಿಧಾನವಾಯಿತು. ಅವನಿಗೆ ಕೇಳುವುದು ಬೇಕಾದಷ್ಟಿತ್ತು. ಮಕ್ಕಳು ಎಷ್ಟು, ಏನು ಓದುತ್ತವೆ, ಭಾವ ಹೇಗಿದ್ದಾರೆ, ಮಂಡಿ ನೋವು ಇದೆಯಾ, ಏಳುವಾಗ ಕೈ ಊರುತ್ತೀಯಲ್ಲ. ಎಲ್ಲದಕ್ಕೂ ಮೊದಲು ಒಂದು ಕರೆ ಬೇಕು. ಐದು ಜನರ ಮುಂದೆ ತಾನಾಗಿ ಹೊರಬಿದ್ದ ಮಾತು, ಇಬ್ಬರೇ ಇರುವಾಗ, ಎಷ್ಟು ತಡಕಿದರೂ ಬರಲಿಲ್ಲ. ಅವನು ಚೀಲದ ಬಾಯಿ ಅಗಲಿಸಿ ಹಿಡಿದ, ಅವಳು ತುಂಬಿದಳು. ಕೊನೆಗೆ ಬರಿ ಮಣ್ಣು ಉಳಿಯಿತು. ಅವಳು ಅದರಲ್ಲಿ ಪಾದವಿಟ್ಟು ಕೂರುತ್ತಾಳೆಂದು ಅವನು ಕಾದ. ಕೂರಲಿಲ್ಲ. ಬೇರೆಯವರದಾಯಿತಲ್ಲ.

ಗೇಟಿನವರೆಗೂ ಚೀಲ ಹೊತ್ತು ಬಂದ. ಕಸದ ತೊಟ್ಟಿಗೆ ಸುರಿದು ಚೀಲ ಕೊಡವಿ ಕೊಟ್ಟ. ಅವಳು ಅದನ್ನು ಆಸ್ಪತ್ರೆಯ ಹಾಸಿಗೆ ಬಟ್ಟೆಯ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಚಿದಳು. ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಹಿಂದಿರುಗಿ ನೋಡದೆ, ಹೇಳಿದಳು:

"ಷಟರ್ ಅರ್ಧ ಎಳ್ಕೊಂಡು ಕೆಲಸ ಮಾಡ್ಬೇಡ. ಹೊಗೆಯೆಲ್ಲ ಒಳಗೇ ನಿಲ್ಲುತ್ತೆ."

ಬಸ್ಸು ತಿರುವು ದಾಟಿದ ಮೇಲೆ ಅವನಿಗೆ ಹೊಳೆಯಿತು. ಬೆಸುಗೆಯ ಬೆಳಕು ಬೀದಿಯವರ ಕಣ್ಣಿಗೆ ಹೊಡೆಯದಿರಲೆಂದು ಅವನು ಷಟರ್ ಅರ್ಧ ಇಳಿಸಿಕೊಂಡೇ ಕೆಲಸ ಮಾಡುವುದು ನಿಜ. ಅದು ಅವಳಿಗೆ ಹೇಗೆ ಗೊತ್ತು? ಅವಳು ಅಂಗಡಿಗೆ ಒಂದು ದಿನವೂ ಬಂದವಳಲ್ಲ. ಅಂಗಡಿಯ ಮುಂದೆ ಹೋಗುವ ದಾರಿ ಆಸ್ಪತ್ರೆಯ ಬಸ್ಸಿನ ದಾರಿ. ದಿನಾ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಅರ್ಧ ಷಟರಿನ ಕೆಳಗೆ ಅವಳಿಗೆ ಕಂಡಿರಬಹುದಾದದ್ದು ಅವನ ಬೂಟ್ಸು, ಸುತ್ತ ಬೀಳುವ ಕಿಡಿ, ಅಷ್ಟೇ. ಎಷ್ಟು ವರ್ಷದಿಂದಲೋ.

ಮಾರನೆಯ ದಿನ ಅವನು ಷಟರನ್ನು ಪೂರ್ತಿ ಮೇಲಕ್ಕೆತ್ತಿ ಕೊಂಡಿ ಹಾಕಿದ. ಬೀದಿ ಎಲ್ಲ ಒಳಗೆ ಬಂದ ಹಾಗಾಯಿತು. ಧೂಳು, ಹಾರ್ನು, ಎದುರು ಟೀ ಅಂಗಡಿಯವನ ತಕರಾರು, ಏನಯ್ಯ ನಮ್ಮ ಗಿರಾಕಿಗಳನ್ನೆಲ್ಲ ಕುರುಡು ಮಾಡ್ತೀಯಾ ಎಂದು. ಅವನು ಒಂದು ತಗಡು ಅಡ್ಡ ನಿಲ್ಲಿಸಿಕೊಂಡ, ಟೀ ಅಂಗಡಿಯ ಕಡೆಗೆ ಮಾತ್ರ. ಬಸ್ಸು ಬರುವ ಕಡೆ ತೆರೆದೇ ಇಟ್ಟ. ಆ ಬೆಳಕು ಕಣ್ಣಿಗೆ ಒಳ್ಳೆಯದಲ್ಲ. ಹಾಗಾಗಿ ದೂರದಲ್ಲಿ ಬಸ್ಸಿನ ಸದ್ದು ಕೇಳಿದರೆ ಬೆಸುಗೆ ನಿಲ್ಲಿಸಿ, ಮುಖವಾಡ ಹಣೆಗೆ ಏರಿಸಿಕೊಂಡು, ಎದ್ದು ನಿಲ್ಲುತ್ತಾನೆ. ನಡುವೆ ನಿಲ್ಲಿಸಿದ ಬೆಸುಗೆಯಲ್ಲಿ ಗಂಟು ಬೀಳುತ್ತದೆ. ಉಜ್ಜಿ ಮತ್ತೆ ಹಾಕಬೇಕು. ಗಿರಾಕಿಗಳು ಗೊಣಗುತ್ತಾರೆ. ಬಸ್ಸುಗಳು ಒಂದರ ಹಿಂದೆ ಒಂದು ಹೋಗುತ್ತವೆ, ಗಾಜಿನ ತುಂಬ ಬಿಸಿಲು. ಒಳಗೆ ಯಾರು ಯಾವ ಸೀಟಿನಲ್ಲಿದ್ದಾರೆ, ಒಂದೂ ಕಾಣುವುದಿಲ್ಲ. ಅವನು ಎಲ್ಲ ಬಸ್ಸಿಗೂ ನಿಲ್ಲುತ್ತಾನೆ.